ಬೀಡಿಯಂತೆ ಕಾಣುವ ಔಷಧ

ಮಗಳನ್ನು ನೋಡಲು ಚಿತ್ತಾಪುರದಿಂದ ಬಂದವರಿಗೆ ಚಹಾ ಕೊಡುವಾಗಲೇ ಲಾಲಮ್ಮನಿಗೆ ಉಸಿರು ಕಟ್ಟಿತು. ಎದೆಗೆ ಔಷಧ ಎಳೆದುಕೊಳ್ಳುವ ಪಂಪು ಸೊಂಟದಲ್ಲೇ ಇತ್ತು. ಆದರೆ ಅದನ್ನು ಬಾಯಿಗಿಟ್ಟರೆ ಹೆಂಗಸು ಬೀಡಿ ಸೇದಿದಂತೆ ಕಾಣುತ್ತದೆಂದು ಗಂಡ ಮಾಣಿಕಪ್ಪ ಅಂದ ದಿನದಿಂದ ಅವಳು ಕೊಟ್ಟಿಗೆಯ ಹಿಂದೆ ನಿಂತು ಎಳೆಯುತ್ತಿದ್ದಳು. ಮನೆಗೆ ಜನ ಬಂದ ದಿನ ಎಳೆಯುತ್ತಲೇ ಇರಲಿಲ್ಲ. ಆಯುಷ್ಯವಿಡೀ ಒಲೆಯ ಹೊಗೆ ನುಂಗಿದವಳಿಗೆ ಮರ್ಯಾದೆಯ ಪಾಠ ಹೇಳಿದವನ ಬೆರಳುಗಳ ನಡುವೆ ಈಗಲೂ ಬೀಡಿ ಉರಿಯುತ್ತಿತ್ತು.

“ಒಳಗ ಹೋಗು. ಮಂದಿ ನೋಡಾಕತ್ತಾರ,” ಎಂದು ಮಾಣಿಕಪ್ಪ ಪಿಸುಗುಟ್ಟಿದನು.

“ಒಳಗ ಹೋಗೂವಷ್ಟು ಉಸಿರಿಲ್ಲ,” ಎಂದ ಲಾಲಮ್ಮ ಅಂಗಳಕ್ಕೆ ಹಾಸಿದ ಪರ್ಸಿ ಕಲ್ಲಿನ ಮೇಲೆ ಕುಸಿದು ಕುಳಿತಳು. ನಂತರ ಎಲ್ಲರೆದುರೇ ಪಂಪನ್ನು ಬಾಯಿಗಿಟ್ಟು ಒತ್ತಿದಳು. ಈ ಸಂಬಂಧ ಮುರಿದು ಬಿತ್ತೆಂದುಕೊಂಡು ಕಣ್ಣು ಮುಚ್ಚಿದಳು.

ವರನ ತಾಯಿ ಎದ್ದು ಬಂದು ಅವಳ ಬೆನ್ನ ಮೇಲೆ ಕೈಯಿಟ್ಟಳು. “ಲಗೂನ ಉಸಿರು ಬಿಡಬ್ಯಾಡ್ರಿ, ಬೀಗತಿ. ಔಷಧ ಎದ್ಯಾಗ ಜರಾ ನಿಲ್ಲಬೇಕು. ನಾನೂ ದಿನಾ ಎಳೀತೀನಿ, ಸಂಡಾಸದಾಗ ಕುಂತು.”

ಮಾಣಿಕಪ್ಪನು ತನ್ನ ಬೀಡಿಯನ್ನು ಮೊದಲ ಬಾರಿಗೆ ಬೆನ್ನ ಹಿಂದೆ ಅಡಗಿಸಿದನು.