ಅಳಿಯದ ಹೆಸರು

ಹನ್ನೊಂದು ತಿಂಗಳು ಕಾದ ಮೇಲೆ ವಾರಿಜಾಳ ಪ್ರಯೋಗಾಲಯಕ್ಕೆ ಆ ವಿಶೇಷ ಗಾಜಿನ ಬಿಲ್ಲೆ ಬಂದಿತ್ತು. ರೆಪ್ಪೆ ಬಡಿಯುವುದಕ್ಕಿಂತ ಕೋಟ್ಯಂತರ ಪಾಲು ಚುರುಕಾದ ಲೇಸರ್ ಮಿಡಿತಗಳಿಂದ, ಗಾಜಿನ ಒಡಲೊಳಗೆ ಬೆಳಕು ಹರಿಯುವ ಕಾಲುವೆಗಳನ್ನು ಬರೆಯುವುದು ಅವಳ ಸಂಶೋಧನೆ.

ಸಂಸ್ಥೆಯ ನಿರ್ದೇಶಕರಾದ ಡಾಕ್ಟರ್ ಮಹಾಬಲ ಬಿಲ್ಲೆಯನ್ನು ಎತ್ತಿ ನೋಡಿದರು.

"ಇದರೊಳಗೆ ಬರೆದದ್ದು ಅಳಿಸೋಕಾಗಲ್ಲ ಅಲ್ವೇನಮ್ಮಾ?"

"ಆಗಲ್ಲ ಸರ್. ಗಾಜು ಇರೋವರೆಗೂ ಇರುತ್ತೆ."

"ಹಾಗಾದ್ರೆ ನನ್ನ ಹೆಸರು ಬರಿ. ಸೋಮವಾರ ಮಂತ್ರಿಗಳು ಬರ್ತಾರೆ. ನಿನ್ನ ಕಾಲುವೆ ಯಾರ ಕಣ್ಣಿಗೆ ಕಾಣುತ್ತೆ?"

ಸಂಜೆ ಅವರ ಕಚೇರಿಯಿಂದ ಹೆಸರಿನ ಕರಡು ಬಂತು. ಕೆಳಗೆ ಅವರದೇ ಸಹಿಯಿತ್ತು. ಅದನ್ನು ಓದಿದ ವಾರಿಜಾ ಗಾಬರಿಯಿಂದ ಅವರ ಕೋಣೆಗೆ ಓಡಿದಳು.

"ಸರ್, ಇದರಲ್ಲಿ ಒಂದು ದೀರ್ಘ ಹೆಚ್ಚಾಗಿ..."

"ನನ್ನ ಹೆಸರು ನನಗೇ ಹೇಳಿಕೊಡ್ತೀಯಾ? ಸಹಿ ಹಾಕಿದ್ದೀನಿ. ಇದ್ದ ಹಾಗೇ ಬರಿ."

ಅವಳು ಹಲ್ಲು ಕಚ್ಚಿಕೊಂಡು ಇದ್ದ ಹಾಗೆಯೇ ಬರೆದಳು.

ಸೋಮವಾರ ತುಂಬಿದ ಸಭೆಯಲ್ಲಿ ಮಂತ್ರಿಗಳು ಭೂತಗನ್ನಡಿ ಹಿಡಿದು ಗಟ್ಟಿಯಾಗಿ ಓದಿದರು: "ಡಾಕ್ಟರ್ ಮಹಾಬಾಲ!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ವಾರಿಜಾ ಆ ಕರಡನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಳು. ನಿರ್ದೇಶಕರು ಕರಡನ್ನು ನೋಡಿದರು, ತಮ್ಮ ಸಹಿಯನ್ನು ನೋಡಿದರು, ಬೆವರು ಒರೆಸಿಕೊಂಡರು.

"ಏನ್ರೀ, ಬಾಲ ಅಂತಿದೆ? ತಪ್ಪಾಗಿದೆಯಾ?" ಮಂತ್ರಿಗಳು ಅವರತ್ತ ತಿರುಗಿದರು.

"ಛೆ, ನಮ್ಮ ಸಂಸ್ಥೆಯಲ್ಲಿ ತಪ್ಪೇ ಆಗಲ್ಲ ಸರ್," ಎಂದರು ನಿರ್ದೇಶಕರು.

ಮರುದಿನದ ಪತ್ರಿಕೆಯ ಮೂಲೆಯಲ್ಲಿ ಒಂದು ಪ್ರಕಟಣೆಯಿತ್ತು: "ಇದುವರೆಗೆ ಮಹಾಬಲ ಎಂದಿದ್ದ ನನ್ನ ಹೆಸರನ್ನು ಪ್ರಮಾಣಪತ್ರದ ಮೂಲಕ ಮಹಾಬಾಲ ಎಂದು ಬದಲಿಸಿಕೊಂಡಿದ್ದೇನೆ."