ಮೂರು ದೇಶಗಳ ರುಜು

"ಅಳ್ಬೇಡಿ ಅಮ್ಮಾ. ಅತ್ರೆ ನಾಟಕ ಅಂದ್ಕೋತಾನೆ," ಎಂದ ಬೇಹುಗಾರಿಕೆ ಇಲಾಖೆಯ ನಾಮ್‌ಗುಂಗ್.

ಕುಮ್‌ಸಿಲ್ ತಲೆಯಾಡಿಸಿದಳು. ಎದುರಿನ ಪರದೆ ಇನ್ನೂ ಕಪ್ಪಗಿತ್ತು.

ಸಿಯೋಲ್‌ನ ಆ ಕಚೇರಿಯಲ್ಲಿ ಕೂತು ತಾಯಿಯೊಬ್ಬಳು ಮಗನ ಜೊತೆ ಹತ್ತು ನಿಮಿಷ ಮಾತಾಡಲು ಮೂರು ದೇಶಗಳು ರುಜು ಹಾಕಿದ್ದವು. ಅವನ ಪಾದ ತೆಗೆಯಲು ಅದಕ್ಕಿಂತ ಹೆಚ್ಚು ದೇಶಗಳು ಶ್ರಮಿಸಿದ್ದವು. ಉತ್ತರ ಕೊರಿಯಾ ತನ್ನ ಗೆಳೆಯನ ಯುದ್ಧಕ್ಕೆ ಸೈನಿಕರನ್ನು ಕಳಿಸಿತು. ದಕ್ಷಿಣದ ಗೆಳೆಯರು ಎದುರು ಪಕ್ಷಕ್ಕೆ ಮದ್ದುಗುಂಡು ಕಳಿಸಿದರು. ಎರಡು ಸ್ನೇಹಗಳೂ ಯುರೋಪಿನ ಯಾವುದೋ ಹಿಮದ ಹೊಲದಲ್ಲಿ ಎದುರಾದವು. ಉಂಗ್‌ಸಾಮ್‌ನ ಎಡಪಾದ ಹೋಯಿತು. ಸೆರೆ ಸಿಕ್ಕ.

ಸುದ್ದಿಯಲ್ಲಿ ಮಗನ ಮುಖ ಕಂಡೊಡನೆ ಕುಮ್‌ಸಿಲ್ ಈ ಕಚೇರಿಗೆ ಓಡಿ ಬಂದಿದ್ದಳು. ಆ ದಿನ ಕಾಲಲ್ಲಿ ಅವಳು ದುಡಿಯುವ ಹೋಟೆಲಿನ ಅಡುಗೆಮನೆಯ ರಬ್ಬರು ಚಪ್ಪಲಿ.

ಷರತ್ತು ಒಂದೇ. ದಕ್ಷಿಣಕ್ಕೆ ಬರುತ್ತೇನೆಂದು ಅವನೇ ಬಾಯಿಬಿಟ್ಟು ಹೇಳಬೇಕು. ಇಲ್ಲವಾದರೆ ಮುಂದಿನ ವಾರ ಕೈದಿಗಳ ವಿನಿಮಯದಲ್ಲಿ ಉತ್ತರಕ್ಕೆ ವಾಪಸು. ಜೀವಂತ ಸೆರೆ ಸಿಕ್ಕವನಿಗೆ ಉತ್ತರದಲ್ಲಿ ಸನ್ಮಾನವೇನೂ ಕಾದಿರಲಿಲ್ಲ.

ಕುಮ್‌ಸಿಲ್‌ಗೆ ಬೇರೆಯೇ ಹೆದರಿಕೆ: ಗುರುತು ಹಿಡಿಯದಿದ್ದರೆ? ಅವಳು ಉತ್ತರದಿಂದ ಗಡಿ ದಾಟಿ ಓಡಿ ಬಂದು ಹನ್ನೊಂದು ವರ್ಷ. ಆ ತಪ್ಪಿಗೆ ಶಿಕ್ಷೆಯಾಗಿ ಅಲ್ಲಿ ಅವಳ ಅಣ್ಣನನ್ನು ಗಣಿಗೆ ಒಯ್ದರೆಂದಷ್ಟೇ ಸುದ್ದಿ. ಇಲ್ಲಿ ಅವಳು ಚೆಂದಕ್ಕೆಂದು ಕಣ್ರೆಪ್ಪೆಗೆ ಹೊಲಿಗೆ ಹಾಕಿಸಿ ಮಡಿಕೆ ಮಾಡಿಸಿಕೊಂಡಿದ್ದಳು, ಸಿಯೋಲ್‌ನ ನಾಜೂಕು ಮಾತು ಕಲಿತಿದ್ದಳು.

ಪರದೆ ಬೆಳಗಿತು. ಸೆರೆಯಾಳುಗಳ ಆಸ್ಪತ್ರೆಯ ಮಂಚದ ಮೇಲೆ ಮಗ ಕೂತಿದ್ದ.

"ಬೊಂಬೆ ಚೆನ್ನಾಗಿದೆ," ಎಂದ ಉಂಗ್‌ಸಾಮ್. "ಕಂಪ್ಯೂಟರಲ್ಲಿ ಮಾಡಿದ್ದಾ?"

ಕುಮ್‌ಸಿಲ್‌ಳ ನಾಜೂಕೆಲ್ಲ ಹಾರಿಹೋಯಿತು. ಊರಿನ ಒರಟು ಮಾತು ನುಗ್ಗಿ ಬಂತು. "ಬೊಂಬೆಯಂತೆ ಬೊಂಬೆ! ಪಕ್ಕದ್ಮನೆ ಮೂಲಂಗಿ ಕದ್ದು ತಿಂದು, ಮೂರು ದಿನ ಹೊಟ್ಟೆ ಕೆಟ್ಟಾಗ ನಿನ್ನ ಅಂಡು ತೊಳ್ದೋಳು ಯಾರೋ? ಬೊಂಬೇನಾ?"

ಅವನು ಮುಖವನ್ನು ಪರದೆಯ ಹತ್ತಿರ ತಂದ.

"ಅಮ್ಮಾ... ಊಟ ಆಯ್ತಾ?"

"ಆಯ್ತು ಕಣೋ ನಾಯಿಮರಿ. ದಿನಾ ಬಿಳೀ ಅನ್ನ. ನೀನೂ ಬಾ. ಬರ್ತೀನಿ ಅನ್ನು, ಒಂದೇ ಮಾತು."

"ನಂಗೊಬ್ಳು ಮಗಳಿದಾಳೆ. ಮೂರು ವರ್ಷ. ನಿನ್ ಥರಾನೇ ಬಾಯಿ ಜೋರು."

"ಅಯ್ಯೋ ನನ್ನಪ್ಪಾ! ಹೆಸರೇನೋ?"

ಅವನು ಹೆಸರು ಹೇಳಲಿಲ್ಲ. ಕ್ಯಾಮೆರಾದ ಕೆಂಪು ದೀಪವನ್ನೊಮ್ಮೆ ನೋಡಿದ.

"ಅವರಮ್ಮನ ಜೊತೆ ಅಲ್ಲೇ ಇದಾಳೆ."

"ಎರಡು ನಿಮಿಷ," ಎಂದ ನಾಮ್‌ಗುಂಗ್.

ಉಂಗ್‌ಸಾಮ್ ಮಂಚ ಹಿಡಿದು ನೆಲಕ್ಕಿಳಿದ. ಮಂಡಿಯೂರಿದ. ಅಂಗೈಗಳನ್ನು ನೆಲಕ್ಕಿಟ್ಟು, ಹಣೆ ತಾಗಿಸಿ, ಅಮ್ಮನಿಗೆ ಅಡ್ಡಬಿದ್ದ.

ನಾಮ್‌ಗುಂಗ್ ಕುರ್ಚಿ ತಳ್ಳಿ ಎದ್ದ. "ನಂಬಿದ ಅಮ್ಮಾ! ಬಂದ ಹಾಗೇ ಲೆಕ್ಕ! ಕಾಗದ ತರ್ತೀನಿ ಇರಿ."

ಕುಮ್‌ಸಿಲ್ ನಗುತ್ತ ಕಣ್ಣೊರೆಸಿಕೊಂಡಳು. "ಸಾಕು ಏಳೋ, ಕಾಲು ನೋಯತ್ತೆ."

ಅವನು ಮಂಚ ಹಿಡಿದು ತಡವರಿಸಿ ಎದ್ದ. ಅವಳನ್ನೇ ನೋಡುತ್ತ ನಿಂತ. ಮತ್ತೆ ಬಾಗತೊಡಗಿದ.

"ಬೇಡ ಕಣೋ!" ಕುಮ್‌ಸಿಲ್ ಪರದೆಯನ್ನೇ ತಬ್ಬಿಕೊಂಡಳು. "ಒಂದೇ ಸಾಕು! ಒಂದೇ!"

ಬದುಕಿರುವ ತಾಯಿಗೆ ಕೊರಿಯಾದ ಜನ ಅಡ್ಡಬೀಳುವುದು ಒಂದು ಸಲ, ಸತ್ತ ತಾಯಿಗೆ ಎರಡು ಸಲ; ಮಗಳಿದ್ದ ಊರಿಗೆ ಹೊರಟವನ ಹಣೆ ಎರಡನೆಯ ಸಲ ನೆಲ ಮುಟ್ಟಿತು.