ಎರಡು ಸೀಟಿನ ಗಾಡಿ

ಕಾರಿನ ಕೀಲಿ ಆಗಲೇ ಹಣಮಂತರಾಯನ ಕೈಯಲ್ಲಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಅಂಗಳದಲ್ಲಿ ನಿಂತು ಫೋನಿನಲ್ಲಿ ಹೇಳುತ್ತಿದ್ದ: "ಹೌದಪಾ, ಇಂಗ್ಲೆಂಡಿಂದು, ಎಂ.ಜಿ. ಮನ್ಯಾಗನ ರಿಪೇರಿ ಮಾಡೇವಿ. ಸಿದ್ಧೇಶ್ವರ ಗುಡಿಗೆ ಒಂದ ಸುತ್ತ ಹೊಡದು ಸೀದಾ ಟಿಕೋಟಾಕ್ಕ ಬರ್ತೀನಿ. ಎಲ್ಲಾರೂ ನೋಡೀರಂತ."

ಅವನ ಹೆಂಡತಿ ಸುಮಂಗಲಾ ಬಾನೆಟ್ಟಿಗೆ ಕುಂಕುಮ ಹಚ್ಚುತ್ತಿದ್ದಳು. ಮಾತು ಕಿವಿಗೆ ಬಿತ್ತು, ಬೆರಳು ನಿಲ್ಲಲಿಲ್ಲ. ಮಾವ ತೀರಿಕೊಂಡ ಮೇಲೆ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಬೆಕ್ಕು ಮರಿ ಹಾಕುವ ಜಾಗವಾಗಿದ್ದ ಈ ಗಾಡಿಯನ್ನು ಒಂದೊಂದೇ ನಟ್ಟು ಬಿಚ್ಚಿದವಳು ಅವಳು. ಫೋನಿನಲ್ಲಿ ನೋಡಿ ಜೋಡಿಸಿದ್ದಳು, ತಪ್ಪಿದ್ದಳು, ಮತ್ತೆ ಬಿಚ್ಚಿದ್ದಳು. ಬಾಗಿಲೊಳಗಿನ ಕಟ್ಟಿಗೆಯ ಚೌಕಟ್ಟನ್ನು ಹುಳ ತಿಂದಿತ್ತು. ಸಾಗವಾನಿ ಕೊಯ್ದು ಹೊಸದು ಕೂರಿಸಿದ್ದಳು. ಹಣಮಂತರಾಯ ಆಗಾಗ ಶೆಡ್ಡಿನ ಬಾಗಿಲಿಗೆ ಬಂದು, "ರೊಟ್ಟಿ ಗ್ರೀಸಿನ ವಾಸನಿ ಹೊಡ್ಯಾಕತ್ತಾವ ನೋಡು" ಎಂದು ನಕ್ಕು ಹೋಗುತ್ತಿದ್ದ. ಕೆಟ್ಟವನಲ್ಲ. ನಕ್ಕಿದ್ದನೇ ಹೊರತು ಒಂದು ದಿನವೂ ಬೇಡ ಎಂದಿರಲಿಲ್ಲ.

ಇವತ್ತು ಅವಳಿಗೆ ಬೇಕಾದದ್ದು ಒಂದೇ. ಗಾಡಿ ಮೊದಲ ಸಲ ಓಣಿ ದಾಟುವಾಗ ಸ್ಟೇರಿಂಗು ತನ್ನ ಕೈಯಲ್ಲಿರಬೇಕು. ಅದನ್ನು ಬಾಯಿಬಿಟ್ಟು ಕೇಳಬಾರದೆಂದೂ ನಿಶ್ಚಯಿಸಿದ್ದಳು.

ಕಾಯಿ ಒಡೆದಾಯಿತು. ಹೊಸ್ತಿಲ ಬಳಿ ಕುಳಿತಿದ್ದ ಅತ್ತೆ ಸಾವಂತ್ರವ್ವ, "ಆ ಕಡೀ ಗಾಲಿಗೂ ಒಂದೀಟ ಅರಿಷಿಣ ಹಚ್ಚಬೇ" ಎಂದಳು. ಹಣಮಂತರಾಯ ಬಾನೆಟ್ಟು ಮುಟ್ಟಿ ಕಣ್ಣಿಗೊತ್ತಿಕೊಂಡ. ಚಪ್ಪಲಿ ಬಿಟ್ಟು, ಸ್ಟೇರಿಂಗಿನ ಕಡೆಯ ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟ. ಇನ್ನೊಂದು ಕಾಲು ಸುಲಭಕ್ಕೆ ಬರಲಿಲ್ಲ. ಸೊಂಟ ಹೊರಳಿಸಿ ಹೇಗೋ ಕುಳಿತಾಗ ಮೊಣಕಾಲೆರಡೂ ಸ್ಟೇರಿಂಗಿಗೆ ಸಿಕ್ಕಿ ನಿಂತವು.

"ಸುಮಾ, ಸೀಟ ಹಿಂದ ಸರಸೂದು ಎಲ್ಲೈತಿ?"

"ಇಲ್ರಿ. ಅದರ ಪಟ್ಟಿ ತುಕ್ಕ ಹಿಡದು ಪುಡಿ ಆಗಿತ್ತು. ನೆಲಕ್ಕ ಬೋಲ್ಟ ಹಾಕೇನಿ."

"ಇಷ್ಟ ಮುಂದ? ಯಾರ ಅಳತಿಗೆ ಹಾಕೀದಿ?"

"ನನ್ನ ಅಳತಿಗೆ."

ಸೀಟು ಕೂರಿಸಿದ ದಿನ ಅವಳು ಗಾಡಿಯ ಬರಿ ನೆಲದ ಮೇಲೆ ಮಣೆ ಹಾಕಿ ಕುಳಿತು, ಕ್ಲಚ್ಚಿಗೆ ಕಾಲು ಚಾಚಿ, ಸುಣ್ಣದಕಡ್ಡಿಯಿಂದ ಗುರುತು ಮಾಡಿದ್ದಳು. ಡ್ರಿಲ್ ಮಷೀನು ಕೈಯಲ್ಲಿ ಹಿಡಿದಾಗ ಹಣಮಂತರಾಯನ ಉದ್ದ ಕಾಲು ನೆನಪಾಗದೆ ಇರಲಿಲ್ಲ. ಒಂದು ಗೇಣು ಹಿಂದೆ ಸರಿಸಿದ್ದರೆ ಅವನಿಗೆ ಸರಿಹೋಗುತ್ತಿತ್ತು. ತಾನು ದಿಂಬು ಇಟ್ಟುಕೊಂಡು ನಡೆಸಿಕೊಳ್ಳಬಹುದಿತ್ತು. ಇಷ್ಟು ವರ್ಷ ಎಲ್ಲದಕ್ಕೂ ಒಂದು ದಿಂಬು ಇಟ್ಟುಕೊಂಡೇ ಬಂದಿದ್ದಳು. ಮಷೀನಿನ ಗುಂಡಿ ಒತ್ತಿ, ಗುರುತಿದ್ದಲ್ಲೇ ತೂತು ಕೊರೆದಿದ್ದಳು.

"ಕಾರು ನಮ್ಮಪ್ಪಂದು," ಎಂದ ಹಣಮಂತರಾಯ, ಮೆಲ್ಲಗೆ.

"ಹೌದ್ರಿ, ಮಾವಾರದು. ನಾ ಯಾವಾಗ ಅಲ್ಲ ಅಂದೇನಿ?" ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳುವಾಗಿನ ದನಿಯೇ ಅದು. "ಇಳೀರಿ, ಮೊಣಕಾಲ ನೋಯ್ತಾವ."

ಎದುರು ಮನೆಯ ಕಟ್ಟೆಯಿಂದ ಗೈಬುಸಾಬ, "ರಾಯರ, ಡ್ರೈವರಗ ಮೊದಲ ಒಂದ ಚೂರ ಕೊಬ್ಬರಿ ಕೊಡ್ರಿ" ಎಂದ. ಓಣಿಯೆಲ್ಲ ನಕ್ಕಿತು. ಹಣಮಂತರಾಯನ ಕಿವಿ ಕೆಂಪಾದವು. ಹತ್ತಿದ್ದಕ್ಕಿಂತ ಕಷ್ಟಪಟ್ಟು ಇಳಿದ. ಕೀಲಿಯನ್ನು ಅಂಗೈಯಲ್ಲಿ ಒಮ್ಮೆ ಹೊರಳಿಸಿ, ಹೆಂಡತಿಯ ಕೈಗಿಟ್ಟ.

"ಆತು, ನೀನ ಹೊಡಿ. ನಾ ಈ ಕಡೆ ಕೂಡ್ತೀನಿ."

ಈ ಕಡೆಯ ಸೀಟು ಖಾಲಿ ಇರಲಿಲ್ಲ. ಸಾವಂತ್ರವ್ವ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಳಿತಾಗಿತ್ತು. "ಅಯ್ಯ, ನೆಲದ ಮ್ಯಾಲ ಕುಂತಂಗ ಆತಲ್ಲೇ" ಎನ್ನುತ್ತ ಕಾಲು ಚಾಚಿಕೊಂಡಳು.

"ಯವ್ವಾ, ನೀ ಎಲ್ಲಿಗೆ?"

"ಎರಡ ಸೀಟು, ಇಬ್ಬರಾದ್ವಿ. ನೀ ಗೇಟ ತಗಿ."

ಸುಮಂಗಲಾ ಕುಳಿತಳು. ಕಾಲು ಕ್ಲಚ್ಚಿಗೆ ಸರಿಯಾಗಿ ಸಿಕ್ಕಿತು. ಇಂಜಿನ್ನು ಎರಡು ಸಲ ಕೆಮ್ಮಿ ಮೂರನೆಯ ಸಲಕ್ಕೆ ಹೊತ್ತಿಕೊಂಡಿತು. ಹಣಮಂತರಾಯ ಗೇಟು ಹಿಡಿದು ನಿಂತು, "ಸಾವಕಾಶ, ತಿರುವಿನ್ಯಾಗ ಸಾವಕಾಶ" ಎನ್ನುತ್ತಲೇ ಇದ್ದ. ಓಣಿಯ ತುಂಬ ಬಾಗಿಲುಗಳು ತೆರೆದವು.

ದೊಡ್ಡ ರಸ್ತೆಗೆ ಬಂದಾಗ ಅವಳು ಗುಡಿಯ ಕಡೆ ಹೊರಳಿಸಲು ಹೋದಳು. ಸಾವಂತ್ರವ್ವ ಅವಳ ಮುಂಗೈ ಹಿಡಿದಳು.

"ಗುಡಿ ಎಲ್ಲೂ ಹೋಗಂಗಿಲ್ಲ. ಮೊದಲ ಸಾರವಾಡಕ್ಕ ನಡಿ."

"ನಿಮ್ಮ ತವರಮನ್ಯಾಗ ಈಗ ಯಾರದಾರ ಅತ್ತಿ?"

"ಮನ್ಯಾಗ ಯಾರೂ ಇಲ್ಲ. ಊರಾಗ ನನ್ನ ಜೋಡಿ ಆಡಿ ಬೆಳದ ವಾರಿಗಿ ಮುದುಕ್ಯಾರು ಇಬ್ಬರ ಅದಾರ." ಸಾವಂತ್ರವ್ವ ರಸ್ತೆಯನ್ನೇ ನೋಡುತ್ತಿದ್ದಳು. "ನಿಮ್ಮ ಮಾವ ಕನ್ಯಾ ನೋಡಾಕ ಇದರಾಗ ಬಂದಿದ್ರು. ಊರ ಹುಡುಗ್ಯಾರೆಲ್ಲಾ ನೀ ಭಾಳ ದೈವವಂತಿ ಅಂದ್ರು. ಲಗ್ನ ಮುಗಿಸಿ ಬಸ್ಸಿನ್ಯಾಗ ಕರಕೊಂಡ ಬಂದ್ರು ನನ್ನ."